ಹರೆಯದ ಸುಳ್ಳುಗಳು, ಎರಡನೇ ಓದಿನಲ್ಲಿ

ಹದಿಹರೆಯದವರ ಸುಳ್ಳಿನ ಸುತ್ತ ಹೆಣೆದ ಕಾದಂಬರಿ ಮೊದಲ ಓದಿನಲ್ಲಿ ತನ್ನ ಗುಣ ತೋರಿಸುವುದಿಲ್ಲ. ಕೊನೆಯ ತಿರುವಿಗೆ ಬೆಚ್ಚಿಬೀಳದವರು ಕಡಿಮೆ. ಗುಟ್ಟು ತಿಳಿದ ಮೇಲೆ ಮೊದಲ ಐವತ್ತು ಪುಟಗಳಿಗೆ ಮರಳಬೇಕು. ಸುಳಿವು ಕಣ್ಣೆದುರೇ ಇತ್ತೋ, ಲೇಖಕಿ ಅದನ್ನು ಮುಚ್ಚಿಟ್ಟಿದ್ದರೋ ಎಂಬುದು ಆಗ ಬಯಲಾಗುತ್ತದೆ. ಎದುರಿಗಿದ್ದೂ ಕಾಣದೇ ಹೋಗಿದ್ದರೆ ನಾವು ಸೋತೆವು, ಅದು ನ್ಯಾಯದ ಆಟ. ಮುಚ್ಚಿಟ್ಟಿದ್ದರೆ ಪುಸ್ತಕವೇ ನಂಬಿಕೆ ಮುರಿದಂತೆ.

ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುವುದು ಇ. ಲಾಕ್‌ಹಾರ್ಟ್ ಅವರ 'ವಿ ವರ್ ಲೈಯರ್ಸ್' (2014). ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಾಚೆ ಸಿಂಕ್ಲೇರ್ ಎಂಬ ಸಿರಿವಂತ ಮನೆತನದ ಸ್ವಂತ ದ್ವೀಪ. ಹದಿನೈದನೇ ವಯಸ್ಸಿನ ಬೇಸಿಗೆಯಲ್ಲಿ ಆ ಮನೆಯ ಮೊಮ್ಮಗಳು ಕೇಡೆನ್ಸ್‌ಗೆ ಅಲ್ಲಿ ಏನೋ ಆಗಿದೆ. ನೆನಪು ಅಳಿಸಿಹೋಗಿದೆ, ತಲೆ ಸಿಡಿಯುವ ಮೈಗ್ರೇನ್ ಉಳಿದಿದೆ, ಮನೆಯವರು ಬಾಯಿ ಬಿಡುವುದಿಲ್ಲ. ಎರಡು ವರ್ಷದ ಮೇಲೆ ಅವಳು ದ್ವೀಪಕ್ಕೆ ಮರಳುತ್ತಾಳೆ.

ಲಾಕ್‌ಹಾರ್ಟ್ ಅವರ ಜಾಣತನ ಆರಂಭದ ಪುಟಗಳಲ್ಲೇ ಇದೆ. ಮನೆ ಬಿಟ್ಟು ಹೊರಟ ಅಪ್ಪ ಪಿಸ್ತೂಲು ತೆಗೆದು ನನ್ನ ಎದೆಗೆ ಗುಂಡು ಹೊಡೆದ, ಹುಲ್ಲಿನ ಮೇಲೆ ರಕ್ತ ಸುರಿಯಿತು ಎಂದು ಕೇಡೆನ್ಸ್ ಹೇಳುತ್ತಾಳೆ. ಯಾರೂ ಗುಂಡು ಹಾರಿಸಿಲ್ಲ, ಅದು ನೋವನ್ನು ಹೇಳುವ ಅವಳ ರೀತಿ. ಈ ಹುಡುಗಿಯ ಮಾತನ್ನು ಅಕ್ಷರಶಃ ನಂಬಬೇಡಿ ಎಂದು ಪುಸ್ತಕ ಅಲ್ಲೇ ಎಚ್ಚರಿಸಿಬಿಡುತ್ತದೆ. ಓದುಗರು ತಲೆದೂಗಿ ಮರೆಯುತ್ತಾರೆ. ನಡುನಡುವೆ ಬರುವ ರಾಜ ಮತ್ತು ಮೂವರು ಕುಮಾರಿಯರ ಕಥೆಗಳನ್ನು ಅಲಂಕಾರವೆಂದು ಹಾರಿಸಬೇಡಿ. ಆಸ್ತಿಗಾಗಿ ಕಿತ್ತಾಡುವ ಕೇಡೆನ್ಸ್ ತಾಯಿ ಮತ್ತು ಅವರ ಇಬ್ಬರು ಸೋದರಿಯರು ಅಜ್ಜನನ್ನು ಒಲಿಸಲು ಮಕ್ಕಳ ಬಾಯಲ್ಲಿ ಏನೇನು ಆಡಿಸುತ್ತಾರೆ ಎಂಬುದನ್ನು ಗಮನಿಸಿ. ಸುಳ್ಳಿನ ಪಾಠಶಾಲೆ ಅದು. ಕೇಡೆನ್ಸ್ ಪ್ರೀತಿಸುವ, ಭಾರತೀಯ ಮೂಲದ ಹುಡುಗ ಗ್ಯಾಟ್‌ನನ್ನು ಆ ಮನೆ ನಗುನಗುತ್ತಲೇ ದೂರವಿಡುವ ಬಗೆಯೂ ಇದರದ್ದೇ ಭಾಗ.

ತಕರಾರು ಇಲ್ಲವೆಂದಲ್ಲ. ಒಂದೇ ವಾಕ್ಯವನ್ನು ಮೂರ್ನಾಲ್ಕು ಸಾಲಾಗಿ ಮುರಿದು ಕವಿತೆಯ ಗತ್ತು ಕೊಡುವ ಚಾಳಿ ಕೆಲವರಿಗೆ ಬೇಗ ಬೇಸರ ತರಿಸುತ್ತದೆ. ಮೊದಲ ಅರ್ಧ ನಿಧಾನ. ಪುಟ್ಟ ಪುಸ್ತಕವಾದ್ದರಿಂದ ಎರಡೇ ಬೈಠಕ್‌ನಲ್ಲಿ ಮುಗಿಸುವುದು ಒಳ್ಳೆಯದು, ವಾರಗಟ್ಟಲೆ ಎಳೆದರೆ ಸುಳಿವುಗಳು ಮರೆತುಹೋಗುತ್ತವೆ. ಅವರದೇ 'ಫ್ಯಾಮಿಲಿ ಆಫ್ ಲೈಯರ್ಸ್' (2022) ಹಿಂದಿನ ತಲೆಮಾರಿನ ಕಥೆಯೆಂದು ಅದನ್ನು ಮೊದಲು ಓದಲು ಹೋಗಬೇಡಿ, ಇದರ ಗುಟ್ಟನ್ನು ಅದು ಶುರುವಿನಲ್ಲೇ ಒಡೆಯುತ್ತದೆ.

ಕರೆನ್ ಮೆಕ್‌ಮ್ಯಾನಸ್ ಅವರ 'ಒನ್ ಆಫ್ ಅಸ್ ಈಸ್ ಲೈಯಿಂಗ್' (2017) ಓಡಿಸಿಕೊಂಡು ಹೋಗುವ ಪುಸ್ತಕ. ಶಾಲೆ ಬಿಟ್ಟ ಮೇಲೂ ಕೂರಿಸುವ ಡಿಟೆನ್ಷನ್ ಶಿಕ್ಷೆಗೆ ಕೂತ ಐವರಲ್ಲಿ ಸೈಮನ್ ಕಡಲೆಕಾಯಿ ಎಣ್ಣೆ ಸೋಕಿದ ನೀರು ಕುಡಿದು ಅಲರ್ಜಿಯಿಂದ ಸಾಯುತ್ತಾನೆ. ಶಾಲೆಯ ಗಾಳಿಸುದ್ದಿಗೆಂದೇ ಆ್ಯಪ್ ನಡೆಸುತ್ತಿದ್ದ ಅವನ ಬಳಿ ಉಳಿದ ನಾಲ್ವರ ಗುಟ್ಟೂ ಇತ್ತು. ಆ ನಾಲ್ವರೇ ಸರದಿಯಲ್ಲಿ ಕಥೆ ಹೇಳುತ್ತಾರೆ. ಎಡವಟ್ಟು ಇಲ್ಲೇ. 'ನಾನು' ಎಂದು, ಅದೂ ವರ್ತಮಾನ ಕಾಲದಲ್ಲಿ, ಮನಸ್ಸಿನ ಮಾತೆಲ್ಲ ಹೇಳುವ ಒಬ್ಬ ತನ್ನ ದೊಡ್ಡ ಗುಟ್ಟನ್ನು ಮಾತ್ರ ಬಹಳ ಕಾಲ ಯೋಚಿಸುವುದೇ ಇಲ್ಲ! ಕೇಡೆನ್ಸ್‌ಗೆ ನೆನಪಿಲ್ಲ, ಆದ್ದರಿಂದ ಹೇಳುವುದಿಲ್ಲ. ಇವನಿಗೆ ಗೊತ್ತಿದ್ದೂ ಹೇಳುವುದಿಲ್ಲ, ಏಕೆಂದರೆ ಲೇಖಕಿಗೆ ಅದು ಆಮೇಲೆ ಬೇಕು. ಎರಡನೇ ಓದಿನಲ್ಲಿ ಈ ಜಾಗ ಚುಚ್ಚುತ್ತದೆ. ದನಿಗಳೂ ಒಂದಕ್ಕೊಂದು ಹತ್ತಿರ, ಅಧ್ಯಾಯದ ತಲೆಯಲ್ಲಿರುವ ಹೆಸರು, ದಿನಾಂಕ, ಸಮಯ ನೋಡದೆ ಮುಂದಕ್ಕೆ ಹೋದರೆ ಯಾರು ಮಾತಾಡುತ್ತಿದ್ದಾರೆಂಬುದು ತಪ್ಪುತ್ತದೆ. ಇಷ್ಟೆಲ್ಲದರ ನಡುವೆ ಆ ನಾಲ್ವರಲ್ಲೊಬ್ಬಳಾದ ಆ್ಯಡಿಯ ಪಾಲು ಮಾತ್ರ ಅಪ್ಪಟ. ಏನು ತೊಡಬೇಕೆಂಬುದಕ್ಕೂ ಪ್ರಿಯಕರನ ಮುಖ ನೋಡುತ್ತಿದ್ದ ಹುಡುಗಿ, ಗುಟ್ಟು ರಟ್ಟಾಗಿ ಗೆಳತಿಯರು ಕೈಬಿಟ್ಟ ಮೇಲೆ, ಅಕ್ಕನ ಆಸರೆಯಲ್ಲಿ ತನ್ನ ಕಾಲ ಮೇಲೆ ನಿಲ್ಲುವುದನ್ನು ಮೆಕ್‌ಮ್ಯಾನಸ್ ಅವಸರವಿಲ್ಲದೆ ಬರೆದಿದ್ದಾರೆ. ಕೊಲೆಗಾರರು ಯಾರೆಂಬುದು ಮರೆತರೂ ಅವಳು ನೆನಪಿರುತ್ತಾಳೆ.

ಹಾಲಿ ಜಾಕ್ಸನ್ ಅವರ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' (2019) ನ್ಯಾಯವನ್ನು ಬೇರೆ ದಾರಿಯಲ್ಲಿ ಪಾಲಿಸುತ್ತದೆ. ಇಂಗ್ಲೆಂಡಿನ ಸಣ್ಣ ಊರಿನ ಪಿಪ್, ಐದು ವರ್ಷ ಹಳೆಯ ಕೊಲೆ ಪ್ರಕರಣವನ್ನು ಶಾಲೆಯ ಪ್ರಾಜೆಕ್ಟ್ ನೆಪದಲ್ಲಿ ಕೆದಕುತ್ತಾಳೆ. ಆಂಡಿ ಎಂಬ ಹುಡುಗಿಯನ್ನು ಕೊಂದವನು ಆಕೆಯ ಪ್ರಿಯಕರ ಸಾಲ್ ಸಿಂಗ್ ಎಂದು ಊರೆಲ್ಲ ಒಪ್ಪಿಕೊಂಡಿದೆ, ಅವನ ಫೋನಿನಿಂದ ಅಪ್ಪನಿಗೆ ಹೋದ ತಪ್ಪೊಪ್ಪಿಗೆಯ ಮೆಸೇಜೂ ಇದೆ. ಸಂದರ್ಶನಗಳ ಲಿಖಿತ ರೂಪ, ನಕ್ಷೆ, ದಿನಚರಿ ಟಿಪ್ಪಣಿ, ಬೆಳೆಯುತ್ತ ಹೋಗುವ ಶಂಕಿತರ ಪಟ್ಟಿ, ಎಲ್ಲವೂ ಪಿಪ್‌ಗೆ ಸಿಕ್ಕ ಹೊತ್ತಿಗೇ ನಮಗೂ ಸಿಗುತ್ತವೆ. ಪಟ್ಟಿಯನ್ನು ಪಕ್ಕದ ಹಾಳೆಯಲ್ಲಿ ಬರೆದುಕೊಂಡು ಓದಿ, ಸುಳ್ಳು ಎಲ್ಲಿ ಬಿರುಕುಬಿಟ್ಟಿತು ಎಂದು ಹಿಡಿಯುವ ಮಜಾ ಸಿಗುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಕಥೆಯನ್ನು ಕನೆಕ್ಟಿಕಟ್‌ಗೆ ಸಾಗಿಸಿದ್ದಾರೆ. ಆಯ್ಕೆಯಿದ್ದರೆ ಬ್ರಿಟಿಷ್ ಆವೃತ್ತಿಯೇ ಸಹಜ. ನಕ್ಷೆ, ಟಿಪ್ಪಣಿಗಳ ಕಾರಣಕ್ಕೆ ಆಡಿಯೋಗಿಂತ ಮುದ್ರಿತ ಪ್ರತಿ ವಾಸಿ. ರೆಕಾರ್ಡರ್ ಹಿಡಿದು ಬಂದ ಶಾಲಾ ಹುಡುಗಿಗೆ ಜನ ಇಷ್ಟು ಸುಲಭವಾಗಿ ಬಾಯಿ ಬಿಡುವುದನ್ನು ನಂಬಲು ಸ್ವಲ್ಪ ಕಷ್ಟಪಡಬೇಕು, ಅಷ್ಟೆ.

ಇನ್ನೂ ಗಟ್ಟಿ ಬೇಕೆನ್ನುವವರಿಗೆ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ 'ಲೈಯರ್' (2009) ಇದೆ. ನಿಜ ಹೇಳುತ್ತೇನೆಂದು ಮಾತು ಕೊಡುವ ಮೈಕಾ, ಹೇಳಿದ್ದು ಸುಳ್ಳಾಗಿತ್ತೆಂದು ಮತ್ತೆ ಮತ್ತೆ ಒಪ್ಪಿಕೊಳ್ಳುತ್ತ ಹೋಗುತ್ತಾಳೆ. ಕೊನೆಗೆ ಯಾವುದನ್ನು ನಂಬುವುದೆಂಬ ತೀರ್ಮಾನ ಓದುಗರಿಗೇ ಬಿಟ್ಟದ್ದು. ಸ್ಪಷ್ಟ ಉತ್ತರ ಬೇಕೆನ್ನುವವರು ಇದನ್ನು ಮುಟ್ಟಬೇಡಿ.

ಮೊದಲ ಸಲ ಈ ಬಗೆಯದನ್ನು ಓದುವ ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಜಾಕ್ಸನ್ ಅವರಿಂದ ಶುರು ಮಾಡಿಸಬಹುದು, ಆದರೆ ಮಾದಕವಸ್ತು, ಲೈಂಗಿಕ ದೌರ್ಜನ್ಯದ ಪ್ರಸ್ತಾಪ ಇರುವುದರಿಂದ ದೊಡ್ಡವರು ಮೊದಲೇ ಒಮ್ಮೆ ಕಣ್ಣಾಡಿಸಿರಲಿ. ಅದೇ ಸರಣಿಯ ಮೂರನೆಯದಾದ 'ಆ್ಯಸ್ ಗುಡ್ ಆ್ಯಸ್ ಡೆಡ್' (2021) ಬಹಳ ಕತ್ತಲೆಯ ಪುಸ್ತಕ. ಮೊದಲೆರಡು ಮುಗಿಸಿದ ಗುಂಗಿನಲ್ಲೇ ಅದನ್ನೂ ಚಿಕ್ಕವರ ಕೈಗೆ ಕೊಟ್ಟುಬಿಡಬೇಡಿ.