ಟಾಮಿಯಾ ಎಕ್ಸ್-22 ಕ್ಲಿಯರ್: ಕೊಡಗಿನ ಮೂರು ಮಳೆಗಾಲ ಕಂಡ ಮೇಲೆ

2022ರ ಜುಲೈನಲ್ಲಿ ನನ್ನ ಹಂಟರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಹತ್ತೇ ನಿಮಿಷದಲ್ಲಿ ಬೆಳ್ಳಗಾಯಿತು. 1/72 ಅಳತೆಯದು. ಎರಡು ತಿಂಗಳು ಕೂತು ಹಸಿರು, ಬೂದು ಬಣ್ಣ ಹೊಡೆದಿದ್ದೆ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಂಟಿಸುವ ಮುಂಚೆ ಹೊಳಪಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಬೇಕಲ್ವಾ ಅಂತ ಒಂದು ಸ್ಪ್ರೇ ಡಬ್ಬಿ ತರಿಸಿ, ಹೊರಗೆ ಜೋರು ಮಳೆ ಹುಯ್ಯುತ್ತಿದ್ದಾಗ ವರಾಂಡದಲ್ಲಿ ನಿಂತು ಹೊಡೆದೆ. ಮೊದಲು ಚೆನ್ನಾಗಿಯೇ ಹೊಳೆಯಿತು. ಆಮೇಲೆ ರೆಕ್ಕೆಯ ತುದಿಯಿಂದ ಶುರುವಾಗಿ ಇಡೀ ವಿಮಾನದ ಮೇಲೆ ಹಾಲಿನ ಕೆನೆಯಂಥ ಬಿಳುಪು ಹರಡಿತು. ಅವ್ವ ಬಂದು ನೋಡಿ, "ಅಯ್ಯೋ, ಇದಕ್ಕೂ ಬೂಸ್ಟು ಹಿಡಿಯಿತಾ?" ಅಂದರು. ನಮ್ಮ ಮನೆಯಲ್ಲಿ ಮಳೆಗಾಲ ಬಂದರೆ ಚಪ್ಪಲಿ, ಬೆಲ್ಟು, ಕ್ಯಾಮೆರಾ ಬ್ಯಾಗು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಅದು ಬೂಸ್ಟಲ್ಲ ಅಂತ ನನಗೆ ತಿಳಿಸಿದವರು ಕುಶಾಲನಗರದ ಒಬ್ಬ ಕಾರು ಪೇಂಟರ್. ಜೀಪಿನ ಬಾನೆಟ್ ಕೆಲಸಕ್ಕೆ ಹೋದಾಗ ಸುಮ್ನೆ ಕೇಳಿದೆ. "ಮಳೆಗಾಲದಲ್ಲಿ ಲ್ಯಾಕರ್ ಹೊಡೆದ್ರೆ ಬೆಳ್ಳಗಾಗದೆ ಇನ್ನೇನಾಗುತ್ತೆ ಸಾರ್, ರಿಟಾರ್ಡರ್ ಹಾಕ್ಬೇಕು" ಅಂದರು. ಇಂಜೆಕ್ಷನ್ ಕೊಡುವ ಮುಂಚೆ ಸ್ಪಿರಿಟ್ ಒರೆಸಿದರೆ ಕೈ ತಣ್ಣಗಾಗುತ್ತದಲ್ಲ, ಇದೂ ಹಾಗೆಯೇ. ಥಿನ್ನರ್ ಬೇಗ ಬೇಗ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿರುವ ತೇವ ಅಲ್ಲಿ ಬಂದು ಕೂರುತ್ತದೆ, ಇನ್ನೂ ಹಸಿ ಇರುವ ಕ್ಲಿಯರ್ ಒಳಗೇ ಸಿಕ್ಕಿಕೊಳ್ಳುತ್ತದೆ. ರಿಟಾರ್ಡರ್ ಅಂದರೆ ನಿಧಾನಕ್ಕೆ ಆರುವ ದ್ರಾವಕ. ಅದು ತೇವಕ್ಕೆ ಹೊರಗೆ ಹೋಗಲು ಸಮಯ ಕೊಡುತ್ತದೆ.

ಇಲ್ಲಿ ನಮ್ಮ ಕಷ್ಟ ಏನು ಅಂದರೆ, ಗಾಳಿ ಒಣಗಿರುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ನನಗೆ ಉಸಿರಾಡಲೂ ಬಿಡುವಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಕುಯ್ಲು, ಕಣದಲ್ಲಿ ಕಾಫಿ, ಸಂಜೆ ಕೆಲಸದವರ ಲೆಕ್ಕ. ಮಾಡೆಲ್ ಹಿಡಿದು ಕೂರಲು ಬಿಡುವು ಸಿಗುವುದು ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ, ದಿನಕ್ಕೆ ಮೂರು ಇಂಚು ನಲವತ್ತು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತಾ ಮನೆಯೊಳಗೇ ಇರಬೇಕಾದಾಗ. ಹಾಗಾಗಿ ನನಗೆ ಬೇಕಿದ್ದದ್ದು ಜಗತ್ತಿನಲ್ಲೇ ಜಾಸ್ತಿ ಹೊಳೆಯುವ ಕ್ಲಿಯರ್ ಅಲ್ಲ, ಈ ಮಳೆಯಲ್ಲೂ ಕೈಕೊಡದೆ ನಿಲ್ಲುವ ಕ್ಲಿಯರ್. ಅದಕ್ಕೇ ಹಿಡಿದದ್ದು ಟಾಮಿಯಾ ಕಂಪನಿಯ ಹೊಳಪಿನ ಆಕ್ರಿಲಿಕ್ ಕ್ಲಿಯರ್, ಎಕ್ಸ್-22.

ಕೊನೆಗೆ ಮ್ಯಾಟ್ (ಹೊಳಪಿಲ್ಲದ ಹಾಗೆ) ಮಾಡುವ ವಿಮಾನಕ್ಕೆ ಹೊಳಪು ಯಾಕೆ ಅಂತ ಹೊಸಬರು ಕೇಳುತ್ತಾರೆ. ಮ್ಯಾಟ್ ಬಣ್ಣ ಕಣ್ಣಿಗೆ ಕಾಣದಷ್ಟು ಒರಟು. ಅದರ ಮೇಲೆ ಡೆಕಾಲ್ ಇಟ್ಟರೆ ಕೆಳಗೆ ಗಾಳಿ ಉಳಿದು ಸುತ್ತಲಿನ ತೆಳು ಪೊರೆ ಬೆಳ್ಳಿಯ ಹಾಗೆ ಮಿಂಚುತ್ತದೆ. ನಯವಾದ ಮೇಲ್ಮೈ ಇದ್ದರೆ ಗಾಳಿಗೆ ಜಾಗವಿಲ್ಲ. ಅಷ್ಟೇ.

ಎಕ್ಸ್-22 ತರಿಸಿದ್ದು 2023ರ ಫೆಬ್ರವರಿಯಲ್ಲಿ. 10 ಮಿ.ಲೀ. ಬಾಟಲಿ, ಜೊತೆಗೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ 110 ಮಿ.ಲೀ. ಈ ಥಿನ್ನರ್‌ನಲ್ಲಿ ರಿಟಾರ್ಡರ್ ಸೇರಿಸಿಯೇ ಬರುತ್ತದೆ, ನಾನು ಇದನ್ನೇ ಹುಡುಕಿದ್ದು ಅದಕ್ಕೇ. ಎಕ್ಸ್-22ಕ್ಕೆ ಅದರದ್ದೇ ಎಕ್ಸ್-20ಎ ಥಿನ್ನರ್ ಕೂಡ ಹಾಕಬಹುದು, ನಡೆಯುತ್ತದೆ. ಆದರೆ ಲೆವೆಲಿಂಗ್ ಥಿನ್ನರ್ ಹಾಕಿದಾಗ ಕ್ಲಿಯರ್ ಹರಡಿಕೊಳ್ಳುವ ರೀತಿಯೇ ಬೇರೆ. ಒಂದು ಭಾಗ ಕ್ಲಿಯರ್, ಒಂದು ಭಾಗ ಥಿನ್ನರ್. ಮಳೆ ಜೋರಿದ್ದರೆ ಥಿನ್ನರ್ ಒಂದೂವರೆ ಭಾಗ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಸುರಿದು, ಬಿದಿರಿನ ಕಡ್ಡಿಯಿಂದ ನಿಧಾನಕ್ಕೆ ಕಲಕುತ್ತೇನೆ. ಜೋರಾಗಿ ಕಲಕಿದರೆ ಗುಳ್ಳೆ ಬರುತ್ತದೆ, ಗುಳ್ಳೆ ಹಾಗೇ ರೆಕ್ಕೆಯ ಮೇಲೆ ಹೋಗಿ ಕೂರುತ್ತದೆ.

ಹೊಡೆಯುವಾಗ ನನ್ನ ಕಣ್ಣು ವಿಮಾನದ ಮೇಲಿರುವುದಿಲ್ಲ, ಅದರ ಮೇಲೆ ಬಿದ್ದಿರುವ ಟ್ಯೂಬ್‌ಲೈಟಿನ ಪ್ರತಿಬಿಂಬದ ಮೇಲೆ ಇರುತ್ತದೆ. ಏರ್‌ಬ್ರಶ್‌ಗೆ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) 0.3 ಮಿ.ಮೀ. ನಳಿಕೆ, ಗಾಳಿಯ ಒತ್ತಡ 15ರಿಂದ 18 ಪಿಎಸ್‌ಐ. ಮೊದಲ ಎರಡು ಸಲ ಇಬ್ಬನಿ ಬಿದ್ದ ಹಾಗೆ ತೆಳ್ಳಗೆ, ನಡುವೆ ಹತ್ತು ನಿಮಿಷ. ಆಗ ಟ್ಯೂಬ್‌ಲೈಟಿನ ಗೆರೆ ಚೂರು ಚೂರಾಗಿ, ಮರಳಿನ ಹಾಗೆ ಕಾಣುತ್ತದೆ. ಮೂರನೆಯ ಸಲ ಸ್ವಲ್ಪ ಹತ್ತಿರ ಹೋಗಿ ಒದ್ದೆಯಾಗಿ ಹೊಡೆದಾಗ ಆ ಚೂರುಗಳು ಒಂದಕ್ಕೊಂದು ಕೂಡಿಕೊಂಡು, ರೆಕ್ಕೆಯ ಬುಡದಿಂದ ತುದಿಯವರೆಗೆ ಒಂದೇ ನೇರ ಗೆರೆಯಾಗಿ ಬಿಡುತ್ತವೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇನ್ನೊಂದು ಸಲ ಅಂತ ಆಸೆಪಟ್ಟರೆ ಇಳಿದು ಹೋಗುತ್ತದೆ, ಪ್ಯಾನೆಲ್ ಗೆರೆಗಳೂ (ತಗಡುಗಳ ಜೋಡಣೆ ತೋರಿಸಲು ಮಾಡೆಲ್‌ನಲ್ಲಿ ಕೊರೆದ ಸಣ್ಣ ಗೆರೆಗಳು) ತುಂಬಿಕೊಳ್ಳುತ್ತವೆ. ಆ ಗೆರೆ ಕೂಡಿಕೊಳ್ಳುವ ಎರಡು ಸೆಕೆಂಡ್ ನೋಡಲಿಕ್ಕೆ ನಾನು ಇಷ್ಟೆಲ್ಲ ಮಾಡುತ್ತೇನೆ ಅಂದರೂ ಸರಿ.

ಮೊದಲ ಬೇಸಿಗೆಯಲ್ಲಿ ಬರೆದಿದ್ದರೆ ಇಲ್ಲಿಗೇ ಮುಗಿಸಿ ಕಣ್ಣುಮುಚ್ಚಿಕೊಂಡು ಖರೀದಿಸಿ ಅನ್ನುತ್ತಿದ್ದೆ. ಮಳೆಗಾಲ ಬಂದ ಮೇಲೆ ಮನಸ್ಸು ಕಹಿಯಾಯಿತು. ಬಿಳುಪು ಬರಲಿಲ್ಲ, ನಿಜ. ಆದರೆ ಒಣಗಲೇ ಇಲ್ಲ. ಮೂರು ದಿನ ಬಿಟ್ಟು, ಮುಟ್ಟಿದರೆ ಅಂಟುತ್ತಿಲ್ಲ ಅಂತ ಧೈರ್ಯ ಮಾಡಿ ಹಿಡಿದುಕೊಂಡು ಡೆಕಾಲ್ ಅಂಟಿಸಿದೆ. ಮಾರನೆಯ ದಿನ ನೋಡಿದರೆ ನ್ಯಾಟ್ ವಿಮಾನದ ಹೊಟ್ಟೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು, ಆಧಾರ್ ಕಾರ್ಡಿಗೆ ಕೊಡುವಷ್ಟು ಸ್ಪಷ್ಟವಾಗಿ. ಮೇಲೆ ಒಣಗಿ ಒಳಗೆ ಮೆತ್ತಗಿತ್ತು. ಅವಸರ ನನ್ನದೇ. ಆದರೂ ಆ ಹೊತ್ತಿಗೆ ಎಷ್ಟು ಬೇಜಾರಾಯಿತು ಅಂದರೆ ಒಂದು ತಿಂಗಳು ಏರ್‌ಬ್ರಶ್ ಮುಟ್ಟಲಿಲ್ಲ. ನೀರಿನ ವಾರ್ನಿಷ್ ಒಂದನ್ನೂ ತರಿಸಿ ನೋಡಿದೆ. ವಾಸನೆ ಕಡಿಮೆ, ಬೆಳ್ಳಗಾಗುವ ಭಯವಿಲ್ಲ. ಆದರೆ ನಮ್ಮ ತೇವದಲ್ಲಿ ಅದು ವಾರವಾದರೂ ಬೆರಳಿಗೆ ಹಿಡಿದುಕೊಳ್ಳುತ್ತಿತ್ತು.

ಇದಕ್ಕೆ ದಾರಿ ಸಿಕ್ಕಿದ್ದು ಹಳೆಯ ಒಂದು ಮರದ ಪೆಟ್ಟಿಗೆಯಿಂದ. ಮೇಲೆ ಕೆಳಗೆ ನಾಲ್ಕು ತೂತು ಕೊರೆದು, ಒಳಗೆ ಒಂದು ಮೂಲೆಯಲ್ಲಿ 40 ವ್ಯಾಟ್‌ನ ಹಳೇ ಕಾಲದ ಬಲ್ಬ್ ಹಾಕಿದೆ. ಎಲ್‌ಇಡಿ ಆಗುವುದಿಲ್ಲ, ಬಿಸಿ ಬೇಕು. ಮಳೆಯ ದಿನ ರೂಮಿನಲ್ಲಿ ತೇವದ ಮೀಟರ್ 90 ಪರ್ಸೆಂಟ್ ದಾಟಿರುತ್ತದೆ, ಉಷ್ಣತೆ 20 ಡಿಗ್ರಿ. ಪೆಟ್ಟಿಗೆಯೊಳಗೆ 32 ಡಿಗ್ರಿ ಆಗುವಷ್ಟರಲ್ಲಿ ತೇವ 45ಕ್ಕೆ ಇಳಿದಿರುತ್ತದೆ. ಗಾಳಿ ಬಿಸಿಯಾದರೆ ಅದಕ್ಕೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ, ಅದಕ್ಕೇ ಹಾಗೆ. ಈಗ ನಾನು ವಿಮಾನವನ್ನು ಹೊಡೆಯುವ ಮುಂಚೆಯೂ ಅರ್ಧ ಗಂಟೆ ಒಳಗಿಡುತ್ತೇನೆ, ಮೇಲ್ಮೈ ಬೆಚ್ಚಗಿದ್ದರೆ ತೇವ ಬಂದು ಕೂರುವುದಿಲ್ಲ. ಹೊಡೆದ ಮೇಲೆ ಮಾತ್ರ ತಕ್ಷಣ ಒಳಗಿಡಬೇಡಿ. ಥಿನ್ನರ್ ಹಬೆ, ಬಿಸಿ ಬಲ್ಬ್, ಮುಚ್ಚಿದ ಪೆಟ್ಟಿಗೆ ಮೂರೂ ಸೇರಿದರೆ ಅಪಾಯ. ಒಂದು ಗಂಟೆ ಹೊರಗೆ, ದೂಳು ಬೀಳದ ಹಾಗೆ ಸ್ಟೀಲ್ ಡಬ್ಬಿ ಬೋರಲು ಹಾಕಿ, ಅಂಚಿನಡಿ ಒಂದು ಕಡ್ಡಿ ಸಿಕ್ಕಿಸಿ ಇಟ್ಟು, ಆಮೇಲೆ ಪೆಟ್ಟಿಗೆಗೆ.

ಒಣಗಿತಾ ಅಂತ ತಿಳಿಯಲು ಮುಟ್ಟುವುದನ್ನು ಬಿಟ್ಟಿದ್ದೇನೆ. ಕಣದಲ್ಲಿ ಕಾಫಿಯನ್ನು ಹಿಡಿ ತುಂಬ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತೇವಲ್ಲ, ಗಲಗಲ ಅಂದರೆ ಒಣಗಿದೆ ಅಂತ. ಇದಕ್ಕೆ ಕಿವಿಯ ಬದಲು ಮೂಗು. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ (ಕುಡಿದ ಮೇಲೆ ಮೂಗಿಗೆ ಬೇರೇನೂ ತಿಳಿಯುವುದಿಲ್ಲ) ಪೆಟ್ಟಿಗೆ ತೆಗೆದು ಮೂಗು ಹತ್ತಿರ ಒಯ್ದು ನೋಡುತ್ತೇನೆ. ಥಿನ್ನರ್ ವಾಸನೆ ಸ್ವಲ್ಪವಾದರೂ ಇದ್ದರೆ ಮುಚ್ಚಿಡುತ್ತೇನೆ. ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಪೆಟ್ಟಿಗೆ ಇದ್ದೂ ಐದಾರು ದಿನ.

ಇನ್ನೆರಡು ಮಾತು. ಮಳೆಗಾಲದಲ್ಲಿ ಕಂಪ್ರೆಸರ್‌ನ ನೀರು ಹಿಡಿಯುವ ಗಾಜಿನ ಕಪ್ಪನ್ನು ಪ್ರತಿ ಕೋಟ್‌ಗೂ ಮುಂಚೆ ಖಾಲಿ ಮಾಡಿ. ನಾನು ಒಮ್ಮೆ ಮರೆತು, ಕೊನೆಯ ಕೋಟ್‌ನಲ್ಲಿ ಪುಸಕ್ಕೆಂದು ಒಂದು ಹನಿ ನೀರು ಹಾರಿ ಬಾಲದ ಮೇಲೆ ಬಿತ್ತು. ಮತ್ತೆ, ಕಿಟಕಿ ಮುಚ್ಚಿಕೊಂಡು ಹೊಡೆಯುವವರು ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ತೆಗೆದುಕೊಳ್ಳಿ. ಕೊರೊನಾ ಕಾಲದ ಮಾಸ್ಕ್ ಥಿನ್ನರ್ ಹಬೆಯನ್ನು ತಡೆಯುವುದಿಲ್ಲ. ಹಾಂ, ಬ್ರಶ್‌ನಲ್ಲಿ ಎಕ್ಸ್-22 ಹಚ್ಚಲು ಹೋಗಬೇಡಿ, ಕೆಳಗೆ ಟಾಮಿಯಾ ಆಕ್ರಿಲಿಕ್ ಬಣ್ಣವೇ ಇದ್ದರೆ ಅದನ್ನೂ ಕಲಸಿ ಎಬ್ಬಿಸುತ್ತದೆ.

ಕಳೆದ ವರ್ಷ, 2025ರ ಸೆಪ್ಟೆಂಬರ್ 26ಕ್ಕೆ ಮಿಗ್-21 ವಾಯುಪಡೆಯಿಂದ ನಿವೃತ್ತಿಯಾಯಿತು. 1963ರಿಂದ ಇದ್ದ ವಿಮಾನ. ಆ ದಿನಕ್ಕೆ ಮುಗಿಸಬೇಕು ಅಂತ ಆಗಸ್ಟ್‌ನಲ್ಲೇ ಬೂದು ಬಣ್ಣ ಹೊಡೆದು, ಎಕ್ಸ್-22 ಹಾಕಿ ಪೆಟ್ಟಿಗೆಗಿಟ್ಟೆ. ಆರು ದಿನದ ಮೇಲೆ ಡೆಕಾಲ್. ಕೇಸರಿ, ಬಿಳಿ, ಹಸಿರಿನ ದುಂಡು ಗುರುತನ್ನು ನೀರಿನಿಂದ ಜಾರಿಸಿ ರೆಕ್ಕೆಯ ಮೇಲಿಟ್ಟು, ಹತ್ತಿಯ ಕಡ್ಡಿಯಿಂದ ನಡುವಿನಿಂದ ಹೊರಗೆ ಒತ್ತಿ, ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸೋಲ್ ದ್ರವ ಸವರಿದೆ. ಮೊದಲು ಡೆಕಾಲ್ ಸುಕ್ಕುಗಟ್ಟುತ್ತದೆ, ಆಗ ಮುಟ್ಟಬಾರದು. ಸಂಜೆ ನೋಡಿದರೆ ಪೊರೆಯ ಅಂಚು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಪ್ಯಾನೆಲ್ ಗೆರೆಯೊಳಗೂ ಇಳಿದು ಕೂತಿತ್ತು. ಮಗಳು ಭೂತಗನ್ನಡಿ ಹಿಡಿದು ನೋಡಿ, "ಅಪ್ಪಾ, ಇದು ಅಂಟಿಸಿದ್ದಾ, ಬರೆದದ್ದಾ?" ಅಂದಳು. ಹಂಟರ್ ಹಾಳಾದ ನೋವು ನನಗೆ ಹೋದದ್ದು ಅವತ್ತು.

ದುಡ್ಡಿನ ಮಾತು. ನನಗೆ ಬಾಟಲಿಗೆ 250 ರೂಪಾಯಿ ಆಸುಪಾಸು ಬಿತ್ತು, ಥಿನ್ನರ್ ಅದಕ್ಕಿಂತ ದುಬಾರಿ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಬೆಂಕಿ ಹತ್ತುವ ಸಾಮಾನು ರಸ್ತೆಯಲ್ಲೇ ಬರಬೇಕು. ಹಾಗಾಗಿ ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. 10 ಮಿ.ಲೀ.ನಲ್ಲಿ 1/72ರ ಮೂರು ವಿಮಾನ ಆರಾಮಾಗಿ ಆಗುತ್ತವೆ. ಏರ್‌ಬ್ರಶ್ ಇಲ್ಲದವರು ಇದಕ್ಕೋಸ್ಕರ ಸಾಲ ಮಾಡಬೇಡಿ, ಸ್ಪ್ರೇ ಡಬ್ಬಿಯನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಬಿಸಿಲಿರುವ ದಿನ ತೆಳ್ಳಗೆ ಹೊಡೆಯಿರಿ. ಬೆಳ್ಳಗಾದ ಹಂಟರ್‌ಗೂ ಒಂದು ಜನವರಿಯ ಮಧ್ಯಾಹ್ನ ಬರೀ ಲೆವೆಲಿಂಗ್ ಥಿನ್ನರನ್ನು ಮಂಜಿನ ಹಾಗೆ ಹೊಡೆದೆ. ಮುಕ್ಕಾಲು ಪಾಲು ಬಿಳುಪು ಕರಗಿ ಹೋಯಿತು. ಬಾಲದ ಹತ್ತಿರ ಇನ್ನೂ ಸ್ವಲ್ಪ ಇದೆ.

ಈಗ ಮೇಜಿನ ಮೇಲಿರುವುದು ಮಿಸ್ಟೇರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ ಮರಳಿ ಬಾರದ, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ನಮ್ಮ ಅಜ್ಜಮಾಡ ದೇವಯ್ಯನವರು ಹಾರಿಸಿದ ಜಾತಿಯ ವಿಮಾನ. ಮಡಿಕೇರಿಗೆ ಹೋದಾಗಲೆಲ್ಲ ಅವರ ಹೆಸರಿನ ವೃತ್ತ ದಾಟುತ್ತೇನೆ, ಇದನ್ನು ಮಾತ್ರ ಹಾಳು ಮಾಡಬಾರದು ಅಂತ ಮನಸ್ಸಿನಲ್ಲಿದೆ. ತೊಂದರೆ ಏನಂದರೆ ಬೆಳ್ಳಿ ಬಣ್ಣದ ಮೇಲೆ ಯಾವ ಕ್ಲಿಯರ್ ಹೊಡೆದರೂ ಲೋಹದ ಕಾಂತಿ ಒಂದು ಗುಲಗಂಜಿಯಷ್ಟಾದರೂ ಇಳಿಯುತ್ತದೆ. ಅದಕ್ಕೇ ನಾಲ್ಕು ಪ್ಲಾಸ್ಟಿಕ್ ಚಮಚಕ್ಕೆ ಅದೇ ಬೆಳ್ಳಿ ಹೊಡೆದು, ಒಂದನ್ನು ಹಾಗೇ ಬಿಟ್ಟು, ಉಳಿದ ಮೂರಕ್ಕೆ ಎಕ್ಸ್-22 ಒಂದು ಕೋಟ್, ಎರಡು ಕೋಟ್, ಮೂರು ಕೋಟ್ ಹಾಕಿದ್ದೇನೆ. ದಾರದಲ್ಲಿ ಕಟ್ಟಿ ಪೆಟ್ಟಿಗೆಯೊಳಗೆ ತೂಗುಬಿಟ್ಟಿದ್ದೇನೆ. ಇವತ್ತು ಬೆಳಿಗ್ಗೆಯೂ ವಾಸನೆ ಇತ್ತು.