ತೆವಳುವ ಕೂಸು, ಬಾಲದ ಕೂಸು, ನಡುವೆ ಒಂದು ಗೇಟು

ನಾಯಿ ಇರುವ ಮನೆಯಲ್ಲಿ ಕೂಸು ಅಂಬೆಗಾಲಿಡಲು ಶುರು ಮಾಡಿದ ವಾರವೇ ಸೇಫ್ಟಿ ಗೇಟಿನ ಹುಡುಕಾಟ ಶುರುವಾಗುತ್ತದೆ. ಅದು ಅಂಗಡಿಯಲ್ಲಿ ಎರಡು ಕಡೆ ಸಿಗುತ್ತದೆ. ಮಕ್ಕಳ ಸಾಮಾನಿನ ಸಾಲಿನಲ್ಲಿ ಬೇಬಿ ಗೇಟ್, ಸಾಕುಪ್ರಾಣಿಗಳ ಸಾಲಿನಲ್ಲಿ ಪೆಟ್ ಗೇಟ್. ಅದೇ ಬಿಳಿ ಕಂಬಿ, ಅದೇ ಚಿಲಕ. ಯಾವುದನ್ನು ತಂದರೂ ಆಯಿತು ಎನಿಸುವುದು ಸಹಜ, ಆದರೆ ಎಡವಟ್ಟಾಗುವುದೂ ಅಲ್ಲೇ. ಇಲ್ಲಿ ಪರೀಕ್ಷೆಗೆ ಇಟ್ಟಿರುವುದು ಹೆಚ್ಚಿನವರು ಕೊಳ್ಳುವ ಮಾದರಿ: ಗೋಡೆಗೆ ತೂತು ಕೊರೆಯದೆ ಎರಡೂ ಬದಿಗೆ ಒತ್ತಿಕೊಂಡು ನಿಲ್ಲುವ, ನಡುವೆ ಬಾಗಿಲು ತೆರೆದುಕೊಳ್ಳುವ, ಲೋಹದ ಕಂಬಿಗಳ ಪ್ರೆಶರ್ ಗೇಟು. ಹೋಲಿಕೆಗೆ ಸ್ಕ್ರೂ ಹಾಕಿ ಕೂರಿಸುವ ಗೇಟು ಮತ್ತು ಸುರುಳಿ ಸುತ್ತಿಕೊಳ್ಳುವ ಬಲೆ ಗೇಟು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋಣೆಯ ಬಾಗಿಲಿಗೆ, ಸಮತಟ್ಟಾದ ನೆಲದಲ್ಲಿ, ಪ್ರೆಶರ್ ಗೇಟು ತುಂಬಾ ಒಳ್ಳೆಯ ಸಾಮಾನು. ಮೆಟ್ಟಿಲಿನ ಮೇಲ್ತುದಿಗೆ ಮಾತ್ರ ಬೇಡವೇ ಬೇಡ. ಕಾರಣ ಎರಡು. ಅದು ನಿಂತಿರುವುದು ಬರೀ ಒತ್ತಡದ ಮೇಲೆ, ಮೈಭಾರ ಬಿದ್ದರೆ ಜಾರಬಹುದು. ಎರಡನೆಯದಾಗಿ, ಅದರ ಬುಡದಲ್ಲಿ ಅಡ್ಡಕ್ಕೊಂದು ಪಟ್ಟಿ ಇರುತ್ತದೆ. ಮಗುವನ್ನು ಎತ್ತಿಕೊಂಡವರಿಗೆ ತಮ್ಮ ಪಾದ ಕಾಣುವುದಿಲ್ಲ. ಆ ಪಟ್ಟಿಗೆ ಕಾಲು ತಗುಲಿದರೆ ಮುಂದೆ ಇರುವುದು ನೆಲವಲ್ಲ, ಮೆಟ್ಟಿಲು. ಅಲ್ಲಿಗೆ ಸ್ಕ್ರೂ ಗೇಟೇ ಸರಿ. ಅದಕ್ಕೆ ಬುಡದ ಪಟ್ಟಿ ಇರುವುದಿಲ್ಲ. ಬಾಗಿಲು ಮೆಟ್ಟಿಲಿನ ಕಡೆಗೆ ತೆರೆಯದಂತೆ ತಡೆಯುವ ತುಣುಕನ್ನೂ ಸಾಮಾನ್ಯವಾಗಿ ಜೊತೆಗೆ ಕೊಟ್ಟಿರುತ್ತಾರೆ, ಅದನ್ನು ಹಾಕಲು ಮರೆಯಬಾರದು.

ಇನ್ನು, ಗೇಟು ಯಾರಿಗಾಗಿ? "ನಾಯಿ ಮಗುವಿನ ಹತ್ತಿರ ಬರದಿರಲಿ ಅಂತ" ಎನ್ನುತ್ತಾರೆ ಎಲ್ಲರೂ. ನಾಯಿಯನ್ನು ಮನೆಯ ಮೊದಲ ಮಗು ಎಂದು ಮುದ್ದು ಮಾಡಿದವರೂ ಇದನ್ನೇ ಹೇಳುತ್ತಾರೆ. ಆದರೆ ಹತ್ತು ತಿಂಗಳ ಕೂಸು ಮತ್ತು ನಾಯಿ ಇರುವ ಮನೆಯನ್ನು ಒಂದು ಗಂಟೆ ಕೂತು ಗಮನಿಸಿ. ಬೆನ್ನು ಹತ್ತುವುದು ಕೂಸು. ಕಿವಿ ಎಳೆಯುವುದು, ಮಲಗಿದ್ದವರ ಮೇಲೆ ಬೀಳುವುದು, ನೀರಿನ ಬಟ್ಟಲಲ್ಲಿ ಕೈ ಅದ್ದುವುದು ಎಲ್ಲ ಕೂಸೇ. ನಾಯಿ ಪಾಪ ಎದ್ದು ಇನ್ನೊಂದು ಮೂಲೆಗೆ ಹೋಗುತ್ತದೆ, ಅಲ್ಲಿಗೂ ಕೂಸು ಹಾಜರು. ಗೇಟಿನ ನಿಜವಾದ ಕೆಲಸ ನಾಯಿಗೆ "ಇಲ್ಲಿ ನಿನ್ನನ್ನು ಯಾರೂ ಮುಟ್ಟುವುದಿಲ್ಲ" ಎಂಬ ಒಂದು ಜಾಗ ಕೊಡುವುದು. ಮನೆಯವರಲ್ಲಿ ಒಬ್ಬರು ಎಂದಮೇಲೆ ಅಷ್ಟು ಹಕ್ಕು ಅದಕ್ಕಿದೆ. ಗೇಟಿನ ಅಳತೆ, ಜಾಗ, ಚಿಲಕ ಎಲ್ಲವನ್ನೂ ಈ ಕಣ್ಣಿನಿಂದ ನೋಡಿದರೆ ಆಯ್ಕೆಯೇ ಬದಲಾಗುತ್ತದೆ.

ಮೊದಲು ಕಂಬಿಗಳ ನಡುವಿನ ಸಂದು. ಮಕ್ಕಳ ಗೇಟುಗಳಿಗೆ ಮಾನದಂಡಗಳಿವೆ: ಯುರೋಪಿನದು ಇಎನ್ 1930, ಅಮೆರಿಕದ್ದು ಎಎಸ್‌ಟಿಎಂ ಎಫ್ 1004. ಎರಡೂ 24 ತಿಂಗಳವರೆಗಿನ ಮಕ್ಕಳನ್ನು ಲೆಕ್ಕಕ್ಕೆ ಇಟ್ಟುಕೊಂಡವು. ಅಮೆರಿಕದಲ್ಲಿ ಈ ಮಾನದಂಡ 2021ರ ಜುಲೈಯಿಂದ ಕಡ್ಡಾಯವೂ ಆಗಿದೆ. ಪೆಟ್ ಗೇಟ್ ಎಂದು ಮಾರುವ ಸಾಮಾನು ಈ ಪರೀಕ್ಷೆಗಳನ್ನು ದಾಟಿರಬೇಕೆಂದೇನಿಲ್ಲ. ಆದ್ದರಿಂದ ಮನೆಯಲ್ಲಿ ಕೂಸೂ ಇದ್ದರೆ ಡಬ್ಬಿಯ ಮೇಲೆ ಈ ಎರಡರಲ್ಲಿ ಒಂದು ಸಂಖ್ಯೆ ಇರುವ ಮಕ್ಕಳ ಗೇಟನ್ನೇ ತನ್ನಿ. ನಾಯಿಗೆ ಮಕ್ಕಳ ಗೇಟು ಸಾಕಾಗುತ್ತದೆ, ಮಗುವಿಗೆ ನಾಯಿಯ ಗೇಟು ಸಾಕಾಗದೇ ಇರಬಹುದು. ಕೈಯಳತೆಯ ಪರೀಕ್ಷೆಯೂ ಒಂದಿದೆ: ತೊಟ್ಟಿಲಿನ ಕಂಬಿಗಳಿಗೆ ಒಪ್ಪಿತವಾದ 6 ಸೆಂ.ಮೀ. ಮಿತಿಯನ್ನೇ ಇಲ್ಲೂ ಇಟ್ಟುಕೊಳ್ಳಿ. ಸಂದು ಅದಕ್ಕಿಂತ ಅಗಲವಿದ್ದರೆ ಗೇಟು ವಾಪಸ್. ಯಾರದೋ ಅಟ್ಟದಿಂದ ಇಳಿದ, ಹಿಗ್ಗಿಸಿದಾಗ ಮೇಲಂಚಿನಲ್ಲಿ ವಿ ಆಕಾರದ ಸಂದುಗಳಾಗುವ ಹಳೆಯ ಮರದ ಗೇಟು ಬಂದರೆ, ಕೊಟ್ಟವರು ಎಷ್ಟೇ ಪ್ರೀತಿಯಿಂದ ಕೊಟ್ಟಿರಲಿ, ಬಳಸಬೇಡಿ. ಮಕ್ಕಳ ಕುತ್ತಿಗೆ ಸಿಕ್ಕಿಕೊಂಡದ್ದು ಅಂಥವುಗಳಲ್ಲೇ.

ಅಂಗಡಿಯವರು ತುಂಬಾ ಹೊಗಳುವ ಒಂದು ಸೌಕರ್ಯವಿದೆ: ಗೇಟಿನ ಬುಡದಲ್ಲಿ ಬೆಕ್ಕು ಅಥವಾ ಪುಟ್ಟ ನಾಯಿ ನುಸುಳಲು ಸುಮಾರು 18 ಸೆಂ.ಮೀ. ಚೌಕದ ಪುಟಾಣಿ ಬಾಗಿಲು. ಬೆಕ್ಕಿಗೆ ಇದು ಹಬ್ಬ. ಅಂಬೆಗಾಲಿಡುವ ಕೂಸಿಗೂ ಹಬ್ಬವೇ. ಬೆಕ್ಕಿನ ಹಿಂದೆ ತಲೆ ತೂರಿಸುವುದು ಕೂಸಿನ ಮೊದಲ ಯೋಚನೆ, ಹೊರಗೆ ತೆಗೆಯುವುದು ಹೇಗೆಂಬುದು ಅದಕ್ಕೆ ತಿಳಿಯದು. ಮಗುವಿಗೆ ಎರಡು ತುಂಬುವವರೆಗೆ ಆ ಬಾಗಿಲನ್ನು ಮುಚ್ಚಿ ಚಿಲಕ ಹಾಕಿಡಬೇಕು. ಚಿಲಕವೇ ಇಲ್ಲದೆ ಬರೀ ಸ್ಪ್ರಿಂಗ್ ಮೇಲೆ ಆಡುವ ಬಾಗಿಲಾದರೆ ಆ ಗೇಟು ಕೂಸಿನ ಮನೆಗೆ ಲಾಯಕ್ಕಿಲ್ಲ. ಬೆಕ್ಕಿನ ಚಿಂತೆ ಅಷ್ಟು ಬೇಡ. ಆರೋಗ್ಯವಾಗಿರುವ ಬೆಕ್ಕಿಗೆ 75 ಸೆಂ.ಮೀ. ಗೇಟು ಅಡ್ಡಿಯೇ ಅಲ್ಲ, ಮೇಲಿನಿಂದ ಹಾರಿ ಹೋಗುತ್ತದೆ. ವಯಸ್ಸಾದ, ಕೀಲುನೋವಿನ ಬೆಕ್ಕಾದರೆ ಗೇಟಿನ ಎರಡೂ ಬದಿಗೆ ನೀರು ಮತ್ತು ಮಲದ ತಟ್ಟೆ ಇಡುವುದು ಮೇಲು.

ಕೂರಿಸುವ ವಿಷಯದಲ್ಲಿ ಜನ ಕೊಡುವ ಕಡಿಮೆ ಅಂಕಗಳಲ್ಲಿ ಅರ್ಧ ಅನ್ಯಾಯದವು. ಡಬ್ಬಿ ಬಿಚ್ಚಿ ಗೇಟನ್ನು ನಿಲ್ಲಿಸಿ ನೋಡಿದರೆ ಚಿಲಕದ ಕೊಂಡಿಗೂ ಚೌಕಟ್ಟಿಗೂ ನಡುವೆ ಎರಡು ಮೂರು ಸೆಂ.ಮೀ. ಅಂತರ ಕಾಣುತ್ತದೆ, ಬಾಗಿಲು ಮುಚ್ಚುವುದೇ ಇಲ್ಲ. "ಸೊಟ್ಟ ಗೇಟು ಕಳಿಸಿದ್ದಾರೆ" ಎಂದು ಅಲ್ಲೇ ಹಿಂದಿರುಗಿಸುವವರಿದ್ದಾರೆ. ಅದು ಸೊಟ್ಟವಲ್ಲ. ಚೌಕಟ್ಟು ಯು ಆಕಾರದ್ದು, ಮೇಲ್ಭಾಗ ಬೇಕೆಂದೇ ಅಗಲವಾಗಿರುತ್ತದೆ. ನಾಲ್ಕು ಮೂಲೆಯ ತಿರುಪುಕಡ್ಡಿಗಳನ್ನು ಬಿಗಿ ಮಾಡುತ್ತಾ ಹೋದಂತೆ ಮೇಲಿನ ತೋಳುಗಳು ಒಳಕ್ಕೆ ಬಾಗಿ ಆ ಅಂತರ ಮುಚ್ಚಿಕೊಳ್ಳುತ್ತದೆ. ಮೊದಲು ಕೆಳಗಿನ ಎರಡು ಕಡ್ಡಿಗಳನ್ನು ಗೋಡೆಗೆ ತಾಗುವಷ್ಟು ತಿರುಗಿಸಿ. ಆಮೇಲೆ ಮೇಲಿನ ಎರಡನ್ನು ಎಡಬದಿಯದಕ್ಕೆ ಒಂದು ಸುತ್ತು, ಬಲಬದಿಯದಕ್ಕೆ ಒಂದು ಸುತ್ತು ಎಂಬಂತೆ ಬಿಗಿಸುತ್ತಾ, ಚಿಲಕದ ಕಡೆಯ ಅಂತರ ಕೆಲವೇ ಮಿಲಿಮೀಟರಿಗೆ ಇಳಿದು, ಬಾಗಿಲ ಮೇಲಂಚು ಚೌಕಟ್ಟಿನ ಮೇಲಂಚಿಗೆ ಸಮವಾದಾಗ ನಿಲ್ಲಿಸಿ. ಒಂದೇ ಬದಿಯನ್ನು ಪೂರ್ತಿ ಬಿಗಿಸಿದರೆ ಚೌಕಟ್ಟು ಓರೆಯಾಗಿ ಚಿಲಕ ಕೊಂಡಿಗೆ ಸಿಗುವುದಿಲ್ಲ.

ಅಳತೆ ತೆಗೆಯುವಾಗ ಟೇಪನ್ನು ಎರಡು ಕಡೆ ಹಿಡಿಯಬೇಕು: ನೆಲದ ಮಟ್ಟದಲ್ಲಿ ಒಮ್ಮೆ, ಗೇಟಿನ ಮೇಲಂಚು ಬರುವ ಎತ್ತರದಲ್ಲಿ ಒಮ್ಮೆ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿ ಎರಡೂ ಬದಿಯಿಂದ ಒಂದೊಂದು ಸೆಂ.ಮೀ. ತಿಂದರೂ ಕೆಳಗಿನ ಅಗಲ ಎರಡು ಸೆಂ.ಮೀ. ಕಡಿಮೆಯಾಗುತ್ತದೆ. ಕೊಳ್ಳುವಾಗ ಚಿಕ್ಕ ಅಳತೆಯನ್ನು ನೋಡಬೇಕು, ಮೇಲಿನ ಹೆಚ್ಚುವರಿ ಅಗಲವನ್ನು ತಿರುಪುಕಡ್ಡಿ ತುಂಬಿಕೊಡುತ್ತದೆ. ಗೇಟಿಗೂ ಗೋಡೆಗೂ ನಡುವಿನ ಸಂದಿ ದೊಡ್ಡದಿದ್ದರೆ ಕಡ್ಡಿಯನ್ನೇ ಉದ್ದ ಎಳೆಯಬೇಡಿ, ಉದ್ದವಾದಷ್ಟೂ ಅದು ಬಾಗುತ್ತದೆ. ಅದೇ ತಯಾರಕರ ಹೆಚ್ಚುವರಿ ತುಂಡು ಸಿಗುತ್ತದೆ, ಅದನ್ನು ಸೇರಿಸಿ. ಬೇರೆ ಬ್ರ್ಯಾಂಡಿನ ತುಂಡು ಕೂತಂತೆ ಕಂಡರೂ ಕೀಲಿನಲ್ಲಿ ಆಡುತ್ತದೆ.

ತಿರುಪುಕಡ್ಡಿಯ ತುದಿ ಗೋಡೆಗೆ ಊರುವಲ್ಲಿ ಕೂರಿಸುವ, ವಾಲ್ ಕಪ್ ಎಂಬ ನಾಲ್ಕು ಪುಟ್ಟ ಬಟ್ಟಲುಗಳು ಡಬ್ಬಿಯ ತಳದ ಚೀಲದಲ್ಲಿರುತ್ತವೆ. ಹಲವರು ಅದನ್ನು ಬಿಚ್ಚುವುದೇ ಇಲ್ಲ. ಈ ಗೇಟಿಗೆ ಇಡೀ ಬಲ ಕೊಡುವುದು ಆ ಬಟ್ಟಲುಗಳೇ! ಎಎಸ್‌ಟಿಎಂ ಪರೀಕ್ಷೆಯಲ್ಲಿ ಗೇಟು ಐದು ಕಡೆ ಸುಮಾರು 13.6 ಕೆ.ಜಿ. ತಳ್ಳುವಿಕೆಯನ್ನು ತಡೆಯಬೇಕು, ಹಲವು ಪ್ರೆಶರ್ ಗೇಟುಗಳು ಅಷ್ಟು ತಡೆಯುವುದು ಬಟ್ಟಲನ್ನು ಗೋಡೆಗೆ ಸ್ಕ್ರೂ ಮಾಡಿದ್ದರೆ ಮಾತ್ರ. 30 ಕೆ.ಜಿ.ಯ ನಾಯಿ ಬಾಗಿಲ ಗಂಟೆ ಕೇಳಿ ಎರಡು ಮುಂಗಾಲು ಊರಿ ನಿಂತರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ. "ತೂತು ಬೇಡ ಅಂತಲೇ ಈ ಗೇಟು ತಂದದ್ದು" ಎಂಬ ವಾದ ಅರ್ಥವಾಗುತ್ತದೆ, ಆದರೂ ದೊಡ್ಡ ನಾಯಿ ಇರುವಲ್ಲಿ ನಾಲ್ಕು ಚಿಕ್ಕ ತೂತುಗಳಿಗೆ ಮನಸ್ಸು ಮಾಡಲೇಬೇಕು. ಅಂಟು ಪಟ್ಟಿಯ ಮೇಲೆ ಬಟ್ಟಲು ಕೂರಿಸುವುದಾದರೆ ಗೋಡೆ ಒರೆಸಿ ಒಣಗಿರಬೇಕು, ಹೊಸ ಬಣ್ಣದ ಮೇಲಂತೂ ಅಂಟಿಸಬಾರದು, ಬಣ್ಣದ ಸಮೇತ ಕಿತ್ತು ಬರುತ್ತದೆ.

ಸರಿಯಾಗಿ ಕೂರಿಸಿದ ಗೇಟೂ ಸಡಿಲವಾಗುತ್ತದೆ. ದಿನಕ್ಕೆ ನಲವತ್ತು ಸಲ ಬಡಿದುಕೊಳ್ಳುವ ಬಾಗಿಲು ತಿರುಪನ್ನು ಕೂದಲೆಳೆಯಷ್ಟು ಬಿಚ್ಚುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿ, ಅರ್ಧ ಸುತ್ತು ಬಿಗಿಸಿದರೆ ಸಾಕು. ತಾನಾಗಿ ಮುಚ್ಚುವ ಬಾಗಿಲು ನಿಧಾನವಾಗಿ ಬಂದು ಕೊನೆಯ ಒಂದು ಬೆರಳಿನಷ್ಟು ಅಂತರದಲ್ಲಿ ನಿಂತುಬಿಟ್ಟರೆ ಅದೇ ಸಡಿಲಿನ ಮೊದಲ ಸೂಚನೆ. ಬಿಗಿಸಿದ ಮೇಲೂ ನಿಲ್ಲುತ್ತಿದ್ದರೆ ಚಿಲಕದ ಸಂದಿನಲ್ಲಿ ಕೂದಲು, ಹಾಲು, ಬಿಸ್ಕತ್ತಿನ ಹಿಟ್ಟು ಸೇರಿ ಗಟ್ಟಿಯಾಗಿರುತ್ತದೆ. ಹಳೆಯ ಟೂತ್‌ಬ್ರಷ್, ಬೆಚ್ಚಗಿನ ನೀರು. ಎಣ್ಣೆ ಬಿಡಬೇಡಿ, ಅದು ಇನ್ನಷ್ಟು ಕೂದಲನ್ನು ಹಿಡಿದಿಡುತ್ತದೆ.

ಇನ್ನು ಚಿಲಕದ ವಿಷಯ, ಅಂದರೆ ಮನೆಯ ದೊಡ್ಡವರ ವಿಷಯ. ಗೇಟು ವಿಫಲವಾಗುವುದು ಕಂಬಿ ಮುರಿದಲ್ಲ, ಯಾರೋ ತೆರೆದಿಟ್ಟು ಹೋದದ್ದರಿಂದ. "ಒಂದೇ ನಿಮಿಷ" ಎಂದು ಹೋದವರು ಹಿಂದಿರುಗುವಷ್ಟರಲ್ಲಿ ಕೂಸು ನಾಯಿಯ ಹಾಸಿಗೆಯಲ್ಲಿ ಕೂತು ನಾಯಿಯ ಊಟದ ಕಾಳು ಎಣಿಸುತ್ತಿರುತ್ತದೆ. ಆದ್ದರಿಂದ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಒಂದು ಕೈಯಲ್ಲಿ ನಾಲ್ಕೈದು ಕೆ.ಜಿ.ಯ ಚೀಲ ಹಿಡಿದು, ಇನ್ನೊಂದು ಕೈಯಿಂದ ಚಿಲಕ ತೆರೆದು, ದಾಟಿ, ತಿರುಗಿ ನೋಡದೆ ಮುಚ್ಚಲು ಆಗಬೇಕು. ಬೆರಳಿನಲ್ಲಿ ಬಲವಿಲ್ಲದ ಅಜ್ಜಿ ಅದನ್ನು ತೆರೆಯಲಾರದೆ ಹೋದರೆ ಆ ಮನೆಯಲ್ಲಿ ಗೇಟು ಸದಾ ತೆರೆದೇ ಇರುತ್ತದೆ. ಒತ್ತಿ ಹಿಂದಕ್ಕೆ ಎಳೆದು ಎತ್ತುವ ಚಿಲಕ ಇದರಲ್ಲಿ ಮೇಲು, ಹಿಂಡಿ ಹಿಡಿಯಬೇಕಾದದ್ದು ಬೆರಳು ನೋಯಿಸುತ್ತದೆ. ಗೇಟಿನ ಮೇಲಿಂದ ಕಾಲು ದಾಟಿಸುವ ಗಂಡಸರ ಅಭ್ಯಾಸ ಮಾತ್ರ ಯಾವ ಚಿಲಕದಿಂದಲೂ ಹೋಗುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು. ದೊಡ್ಡವರು ಹಾಗೆ ದಾಟುವುದನ್ನು ಕೂಸು ನೋಡುತ್ತಿರುತ್ತದೆ, ಕಲಿಯುತ್ತಲೂ ಇರುತ್ತದೆ.

ತಾನಾಗಿ ಮುಚ್ಚುವ ವ್ಯವಸ್ಥೆಗೆ ಪೂರ್ತಿ ಅಂಕ, ಒಂದು ಎಚ್ಚರಿಕೆಯ ಜೊತೆ. 90 ಡಿಗ್ರಿಗಿಂತ ಹೆಚ್ಚು ತೆರೆದರೆ ಹಲವು ಮಾದರಿಗಳಲ್ಲಿ ಬಾಗಿಲು ಅಲ್ಲೇ ನಿಂತುಬಿಡುತ್ತದೆ, ಅದು ತೆರೆದಿಡಲು ಮಾಡಿದ ಸೌಕರ್ಯ. ಇನ್ನು ನಮ್ಮ ಹಿಂದೆಯೇ ಬರುವ ನಾಯಿಯ ಬಾಲ ಬಾಗಿಲಿಗೆ ಸಿಕ್ಕಿದರೆ ಮುಂದಿನ ಒಂದು ವಾರ ಅದು ಗೇಟಿನ ಹತ್ತಿರ ಸುಳಿಯುವುದಿಲ್ಲ. ಮೊದಲು ನಾಯಿ, ಆಮೇಲೆ ನಾವು.

ಬಲೆ ಗೇಟಿನ ಬಗ್ಗೆ ಎರಡೇ ಮಾತು. ನೋಡಲು ಚೆಂದ, ಸುತ್ತಿಟ್ಟರೆ ಜಾಗ ತಿನ್ನುವುದಿಲ್ಲ. ಆದರೆ ನಾಯಿ ಉಗುರಿನಿಂದ ಕೆರೆದರೆ ಬಲೆ ಹರಿಯುತ್ತದೆ, ಬೆಕ್ಕು ಅದನ್ನೇ ಹತ್ತುತ್ತದೆ, ಮೂತಿಯಿಂದ ಬುಡ ಎತ್ತಿ ನುಸುಳುವುದನ್ನು ಜಾಣ ನಾಯಿ ಎರಡು ದಿನದಲ್ಲಿ ಕಲಿಯುತ್ತದೆ. ಮರದ ಗೇಟು ಹಲ್ಲು ಬರುತ್ತಿರುವ ಮರಿ ಇದ್ದಲ್ಲಿ ಬೇಡ. ಹಲ್ಲು ಬರುತ್ತಿರುವ ಕೂಸೂ ಮೇಲಂಚನ್ನು ಬಿಡುವುದಿಲ್ಲ.

ಗೇಟು ನಿಲ್ಲಿಸಿದ ದಿನವೇ ನಾಯಿಯನ್ನು ಆಚೆ ಹಾಕಿ ಮುಚ್ಚಿದರೆ ಅದಕ್ಕೆ ಶಿಕ್ಷೆ ಎನಿಸುತ್ತದೆ, ರಾಗ ಶುರುವಾಗುತ್ತದೆ. ಮೊದಲ ಮೂರು ನಾಲ್ಕು ದಿನ ಬಾಗಿಲು ತೆರೆದೇ ಇರಲಿ, ಊಟ ಮಾತ್ರ ಆಚೆ ಬದಿಯಲ್ಲಿ ಕೊಡಿ. ಆಮೇಲೆ ಊಟದ ಹೊತ್ತಿನಲ್ಲಷ್ಟೇ ಮುಚ್ಚಿ, ಬಟ್ಟಲು ಖಾಲಿಯಾಗುವ ಮೊದಲೇ ತೆರೆಯಿರಿ. ನಂತರ ಐದು ನಿಮಿಷ, ಹತ್ತು ನಿಮಿಷ ಎಂದು ಹಿಗ್ಗಿಸಿ. ಹಾಸಿಗೆಯನ್ನು ಮನೆಯವರು ಕಾಣುವ ಕಡೆ, ಆದರೆ ಕಂಬಿಯಿಂದ ಕೂಸಿನ ಕೈಗೆ ಎಟುಕದಷ್ಟು ಹಿಂದಕ್ಕೆ ಹಾಕಿ. ಕೂಸು ಕಂಬಿ ಹಿಡಿದು ನಿಂತಾಗ ನಾಯಿ ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರಿದರೆ ಅದು "ಸಾಕು" ಎನ್ನುತ್ತಿದೆ. ಆಗ ಹಾಸಿಗೆಯನ್ನು ಇನ್ನೂ ಹಿಂದಕ್ಕೆ ಸರಿಸಬೇಕು. ಗೇಟು ಇದೆಯೆಂದು ಇಬ್ಬರನ್ನೇ ಬಿಟ್ಟು ಹೋಗುವುದೂ ಸಲ್ಲದು.

ಈ ಗೇಟು ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಕೂಸಿನ ಊಟದ ಹೊತ್ತಿನಲ್ಲಿ. ಎತ್ತರದ ಕುರ್ಚಿಯಿಂದ ಉದುರುವ ತುತ್ತನ್ನು ನಾಯಿ ಹಿಡಿಯುವುದು ಇಬ್ಬರಿಗೂ ಆಟ. ಆದರೆ ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ತಿನಿಸು ಯಾವುದೂ ನಾಯಿಯ ಹೊಟ್ಟೆಗೆ ಹೋಗಬಾರದು. ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡವೇ ಕೆಡಬಹುದು. ಕೂಸಿಗೆ ಉಣಿಸುವ ಮೊದಲು ಗೇಟು ಹಾಕಿ, ನೆಲ ಗುಡಿಸಿದ ಮೇಲೆ ತೆರೆಯಿರಿ.

ತೆಗೆಯುವ ಕಾಲ ಮಗುವಿನ ವಯಸ್ಸಿಗಿಂತ ಅದರ ಕಾಲು ಹೇಳುತ್ತದೆ. ಎರಡು ವರ್ಷ ತುಂಬಿದಾಗ, ಎತ್ತರ ಸುಮಾರು 90 ಸೆಂ.ಮೀ. ಆದಾಗ, ಅಥವಾ ಅದಕ್ಕೂ ಮೊದಲೇ ಕಂಬಿ ಹತ್ತಲು ಯತ್ನಿಸಿದ ದಿನ, ಮಗುವಿನ ಪಾಲಿಗೆ ಗೇಟಿನ ಆಯಸ್ಸು ಮುಗಿಯಿತು. ಅಲ್ಲಿಯವರೆಗೂ ಗೇಟಿನ ಪಕ್ಕ ಆಟಿಕೆ ಪೆಟ್ಟಿಗೆ, ದಿಂಬು, ಮಣೆ ಯಾವುದೂ ಇರಬಾರದು, ಎಲ್ಲವೂ ಏಣಿಯಾಗುತ್ತವೆ. ನಾಯಿಗೆ ಆ ಮೂಲೆ ಆಮೇಲೂ ಬೇಕು. ಹತ್ತುವ ಮಗುವಿಗೆ ಗೇಟು ಅಪಾಯ, ಹಾಗಾಗಿ ಅದನ್ನು ತೆಗೆದು ಆ ಜಾಗದಲ್ಲಿ ನೆಲಕ್ಕೊಂದು ಬಣ್ಣದ ಟೇಪು ಅಂಟಿಸಿ, "ಟೇಪಿನಾಚೆ ನಾಯಿಯ ಮನೆ, ಕರೆಯದೆ ಹೋಗಬಾರದು" ಎಂದು ಮಗುವಿಗೆ ಹೇಳಿಕೊಡಿ. ಬಿಚ್ಚಿದ ಗೇಟಿನ ವಾಲ್ ಕಪ್, ತಿರುಪುಕಡ್ಡಿ, ಸ್ಪ್ಯಾನರ್ ಮೂರನ್ನೂ ಒಂದು ಚೀಲದಲ್ಲಿ ಹಾಕಿ ಕಂಬಿಗೇ ಕಟ್ಟಿಡಿ. ಮುಂದೆ ಇನ್ನೊಬ್ಬರಿಗೆ ಕೊಡುವಾಗ ಮೊದಲು ಕಳೆದುಹೋಗಿರುವುದು ಆ ನಾಲ್ಕು ಬಟ್ಟಲುಗಳೇ.