ಅಮ್ಮನಿಗೆ ಯಾವ ಕನ್ನಡ ಕೀಬೋರ್ಡ್? ನಾಲ್ಕನ್ನು ಬಳಸಿ ನೋಡಿದ ಮೇಲೆ

ಅಮ್ಮ ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆಯಲ್ಲಿ. ಕೈಬರಹ ನನಗಿಂತ ಚೆಂದ. ಆದರೂ ವಾಟ್ಸಾಪ್‌ನಲ್ಲಿ ಬರೀ ಹೂವಿನ ಚಿತ್ರ ಕಳಿಸುತ್ತಿದ್ದಳು. ಹೇಳೋಕೆ ಮಾತಿರಲಿಲ್ಲ ಅಂತಲ್ಲ, ಕೀಬೋರ್ಡೇ ಅಡ್ಡ ನಿಂತಿತ್ತು. ಹಾಗಾಗಿ ಒಂದು ತಿಂಗಳು, ವಾರಕ್ಕೊಂದರಂತೆ ನಾಲ್ಕು ದಾರಿ ಹಿಡಿದು ಇಬ್ಬರೂ ಬರೆದೆವು.

ಮೊದಲನೇ ವಾರ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಲಿಪ್ಯಂತರ. ನನಗೆ ಫೋನಿನಲ್ಲಿ ಇದಕ್ಕಿಂತ ವೇಗ ಬೇರೆ ಇಲ್ಲ. ಅಮ್ಮನಿಗೆ ಹಾಲು ಅಂತ ಬರೆಯಬೇಕಿತ್ತು. ಮೇಲೆ ಹಾಲು, ಹಾಳು ಎರಡೂ ಸಣ್ಣ ಅಕ್ಷರದಲ್ಲಿ ಬಂದವು, ಕನ್ನಡಕ ಅಡುಗೆಮನೆಯಲ್ಲಿತ್ತು, ಬೆರಳು ಹಾಳಿನ ಮೇಲೆ ಬಿತ್ತು. "ಇದರಲ್ಲಿ ಳ ಎಲ್ಲಿದೆ?" ಅಂದಳು. ಇಲ್ಲವಲ್ಲ! ಕನ್ನಡ ಬರೆಯೋಕೆ ಮೊದಲು ಇಂಗ್ಲಿಷ್ ಸ್ಪೆಲ್ಲಿಂಗ್ ಯೋಚಿಸು ಅನ್ನೋದು ಅವಳ ಮಟ್ಟಿಗೆ ಅನ್ಯಾಯ.

ಎರಡನೆಯದು ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ, ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಗೊತ್ತಿರುತ್ತೆ. ಅಮ್ಮ ಅಂತ ಬರೆಯೋಕೆ ಎ, ಎಂ, ಎಫ್, ಎಂ. ಒತ್ತಕ್ಷರಕ್ಕೆ ಎಫ್, ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಲ ಬೇರೆ, ಳ ಬೇರೆ, ಊಹೆಗೆ ಜಾಗವೇ ಇಲ್ಲ. ಕಂಪ್ಯೂಟರಿನಲ್ಲಿ ನಾನು ಇದನ್ನು ಬಿಡುವುದಿಲ್ಲ, ಬೆರಳಿಗೆ ರೂಢಿಯಾದ ಮೇಲೆ ಕೀಲಿ ನೋಡೋದೇ ಬೇಡ. ಆದರೆ ಆ ರೂಢಿ ಬರುವವರೆಗೆ ಬಾಯಿಪಾಠ ಮಾಡಬೇಕಲ್ವಾ? ಅಮ್ಮ ಎರಡೇ ದಿನಕ್ಕೆ ಫೋನ್ ವಾಪಸ್ ಕೊಟ್ಟಳು.

ಮೂರನೆಯದು ಮಾತಾಡಿ ಬರೆಸುವುದು. ಮೊದಲ ದಿನ ತುಂಬಾ ಖುಷಿ. ಆಮೇಲೆ ಅವಳು "ಬತ್ತೀನಿ" ಅಂದರೆ ಫೋನು "ಬತ್ತಿ ನೀ" ಅಂತ ಬರೆಯಿತು. ಪುಸ್ತಕದ ಹಾಗೆ "ಬರುತ್ತೇನೆ" ಅಂತ ಮಗಳ ಹತ್ತಿರ ಯಾರು ಮಾತಾಡ್ತಾರೆ? ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. ಹಾಲ್‌ನಲ್ಲಿ ನೆಂಟರು ಕೂತಿರುವಾಗ ಚಿಕ್ಕಮ್ಮನಿಗೆ ಬಿಪಿ ಮಾತ್ರೆ ವಿಷಯ ಜೋರಾಗಿ ಹೇಳೋದು ಅವಳಿಗೆ ಬೇಕಿರಲಿಲ್ಲ.

ಕೊನೆಯ ವಾರ ಐಐಟಿ ಬಾಂಬೆಯವರ ಸ್ವರಚಕ್ರ ಅನ್ನೋ ಕೀಬೋರ್ಡ್ ಆ್ಯಪ್. ಕ ಮೇಲೆ ಬೆರಳಿಟ್ಟರೆ ಅದರ ಸುತ್ತ ಚಕ್ರದಲ್ಲಿ ಕಾ, ಕಿ, ಕು ಕಾಣಿಸುತ್ತವೆ, ಬೇಕಾದ ಕಡೆಗೆ ಬೆರಳು ಜಾರಿಸಿದರೆ ಆಯ್ತು. ಅಮ್ಮ ಒಂದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ತುಟಿ ಅಲ್ಲಾಡಿತು, "ಕ ಕಾ ಕಿ ಕೀ", ಒಂದನೇ ಕ್ಲಾಸಿನ ಕಾಗುಣಿತ! ಹೇಳಿಕೊಡೋಕೆ ಏನೂ ಉಳಿದಿರಲಿಲ್ಲ. ನಾನು ಬಸ್ಸಿನಲ್ಲಿದ್ದಾಗ "ಚಟ್ನಿಪುಡಿ ಮೇಜಿನ ಮೇಲೇ ಬಿಟ್ಟು ಹೋಗಿದೀಯ" ಅಂತ ಬಂತು, ಒತ್ತಕ್ಷರ ಎಲ್ಲ ಸರಿಯಾಗಿಯೇ. ನನಗೆ ಮಾತ್ರ ಇದು ನಿಧಾನ. ಪ್ರತಿ ಅಕ್ಷರಕ್ಕೂ ಕಣ್ಣಿಟ್ಟು ಬೆರಳು ಜಾರಿಸಬೇಕು, ಉದ್ದದ ಇಮೇಲ್‌ಗೆ ಆಗದು.

ಭಾರತೀಯ ಭಾಷೆಗಳಿಗೆ ಸರ್ಕಾರ ಒಪ್ಪಿದ ಕೀಲಿ ವಿನ್ಯಾಸ ಇನ್‌ಸ್ಕ್ರಿಪ್ಟ್ ಅಮ್ಮನಿಗೆ ಕೊಡಲಿಲ್ಲ, ನನ್ನ ಕೈಗೇ ಹತ್ತಿಲ್ಲ.

ಈಗ ಅವಳ ಫೋನಿನಲ್ಲಿ ಸ್ವರಚಕ್ರ ಇದೆ, ಮನೆಯಲ್ಲಿ ಒಬ್ಬಳೇ ಇದ್ದಾಗ ಉದ್ದದ ಸುದ್ದಿಗೆ ಮೈಕ್ ಒತ್ತುತ್ತಾಳೆ. ನಿಮ್ಮ ಮನೆಯ ಹಿರಿಯರಿಗೆ ಹಾಕಿಕೊಡುವುದಾದರೆ ಮೊದಲು ಫೋನಿನ ಅಕ್ಷರ ದೊಡ್ಡದು ಮಾಡಿ, ಪಕ್ಕದಲ್ಲಿ ಕೂತು ಒಂದು ವಾಕ್ಯ ಅವರೇ ಬರೆಯುವವರೆಗೆ ಫೋನ್ ಕಸಿದುಕೊಳ್ಳಬೇಡಿ.